ನೂರ ಹದಿನೇಳು

ಶಿಡ್ಲಘಟ್ಟದ ಕ್ಲಬ್ಬಿನ ಬೀರು ತೆಗೆದರೆ
ಮೊದಲು ಬರುವುದು ನುಸಿಗುಳಿಗೆಯ ವಾಸನೆ,
ಆಮೇಲೆ ಅಧ್ಯಕ್ಷರುಗಳು.

ನಡಾವಳಿ ಪುಸ್ತಕ, ಎಂಬತ್ನಾಲ್ಕು:
ಕುರ್ಚಿ ಬಾಡಿಗೆ, ಹಾರ, ಬೋಂಡ,
ಫೋಟೋದವನಿಗೆ ಬಾಕಿ ಹನ್ನೊಂದು ರೂಪಾಯಿ,
ಕೊನೆಗೆ, ತಪ್ಪದೆ, ವಂದನಾರ್ಪಣೆ.

ಕಣ್ಣಿನ ಶಿಬಿರದ ಪಟ್ಟಿಯಲ್ಲಿ ಮಾತ್ರ
ಯಾರೋ ನಿಧಾನವಾಗಿ ಬರೆದಿದ್ದಾರೆ:
ನೂರ ಹದಿನೇಳು. ಪ್ಯಾರಿಜಾನ್. ನೂಲು ಬಿಚ್ಚಾಣಿಕೆ.
ಬಿಸಿನೀರಲ್ಲಿ ಎಳೆ ಕಾಣಲ್ಲ, ಬೆರಳಿಗೇ ಗೊತ್ತಾಗುತ್ತೆ ಅಂತಾಳೆ.
ಕನ್ನಡಕ ಬಂದಿದೆ. ಆಕೆ ಬಂದಿಲ್ಲ.

ಪುಟಕ್ಕೆ ಗುಂಡುಸೂಜಿ, ಸೂಜಿಗೆ ಲಕೋಟೆ,
ಒಳಗೆ ಎರಡು ಗಾಜು, ನಲವತ್ತು ವರ್ಷ
ಏನನ್ನೂ ನೋಡದೆ.

ಹಾಕಿಕೊಂಡೆ. ಅಕ್ಷರವೆಲ್ಲ
ಎಳೆಯೆಳೆಯಾಗಿ ಬಿಟ್ಟುಕೊಂಡವು.

‘ವಿಷಯ ಆರು: ನೂರ ಹದಿನೇಳು’ ಅಂತ ಬರೆದೆ.
ಗೋಡಂಬಿ ಅಗಿಯುತ್ತ ಅಧ್ಯಕ್ಷರು ಅಂದರು:
ಮುಂದಿನ ಸಭೆಗೆ.