ಕಾಪುವಿನ ಕಾಳುಮೆಣಸು

ನಾನು ಐಸ್ ಒಡೆಯುವ ಮಲ್ಪೆಯ ಪ್ಲಾಂಟಿನ ಗೋಡೆಗೇ
ಗ್ಲೇಡಿಸ್ ಟೀಚರು ಸೂರ್ಯನನ್ನು ಬಳಿಸಿದರು,
ಎರಡಾಳೆತ್ತರ, ಹಳದಿ ಡಿಸ್ಟೆಂಪರ್.

ಮುನ್ನೂರೈವತ್ತು ಮೀಟರ್ ಆಚೆ
ಬಲೆ ಹೊಲಿಯುವವರ ನಡುವೆ ಒಂದು ನೆಲ್ಲಿಕಾಯಿ:
ನಾವು.
ಗುರುವೆಂದು ಇಟ್ಟ ಕುಂಬಳಕ್ಕೆ
ಪಡುಕೆರೆಯ ದನ ಬಾಯಿ ಹಾಕಿತು.
ಮಟ್ಟು ದಾಟುವಷ್ಟರಲ್ಲಿ
ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮನೆಗೆ.

ಉಳಿದದ್ದು ನಾನು, ಮಗಳು ಪ್ರಣಮ್ಯ,
ಅವಳ ಮುಷ್ಟಿಯೊಳಗೆ ಬೆವೆತ ಕಾಳುಮೆಣಸು: ಪ್ಲೂಟೊ.
ಕಾಪು ದೀಪಸ್ತಂಭದ ಬಂಡೆ ಬಿರುಕಿಗೆ
ಅದನ್ನು ಸೇರಿಸಿ ಕೇಳಿದಳು,
"ಪಪ್ಪಾ, ಇಷ್ಟು ದೂರದ ಐಸು
ಯಾವ ಮೀನಿಗೆ?"

ಮೇಲೆ ದೀಪ ಒಂದು ಸುತ್ತು ತಿರುಗಿತು.
ಗೊತ್ತಿರಲಿಲ್ಲ.
ನನಗೆ ರಾತ್ರಿ ಪಾಳಿ ಇತ್ತು;
ಸೂರ್ಯನವರೆಗೂ
ಬಸ್ಸಿನಲ್ಲಿ ನಿಂತೇ ಬಂದೆವು.