ತಲೆ, ಕಾಲು

ಅರಸೀಕೆರೆ, ರೈಲ್ವೆ ಗೇಟಿನಾಚೆ
ಹಳೇ ಕೊಬ್ಬರಿ ಗೋದಾಮು ಈಗ ನಮ್ಮ ಬ್ಯಾರಕ್ಕು.
ಮೂವತ್ತೆರಡು ಜನ.
ಹಾಸಿಗೆಗೂ ಹಾಸಿಗೆಗೂ ನಡುವೆ ಎರಡು ಗೇಣು.

ಸೈನ್ಯಕ್ಕೆ ಸೇರುವ ಮೊದಲೇ ಸೈನ್ಯದ ಹಾಗೆ ಬದುಕಿಸುತ್ತಾರೆ
ನಿವೃತ್ತ ಹವಾಲ್ದಾರ್ ಸಣ್ಣಯ್ಯನವರು.
ನಾಲ್ಕೂವರೆಗೆ ಸೀಟಿ,
ಒಟ್ಟಿಗೆ ಓಟ, ಒಟ್ಟಿಗೆ ಎಣಿಕೆ, ಒಂದೇ ಚೊಂಬು.
"ಉಸಿರೂ ಒಂದೇ ಆಗ್ಬೇಕು ಕಣ್ರೋ" ಅಂದಿದ್ದರು.
ಆಯಿತು.

ಸೋಮವಾರ ಒಂಬತ್ತನೇ ಹಾಸಿಗೆ ಕೆಮ್ಮಿತು.
ಬುಧವಾರ ಎಂಟು, ಹತ್ತು.
ಆಮೇಲೆ ಅದು ಸಾಲು ತಪ್ಪಿ ನಡೆಯಿತು:
ಒಂದೇ ಮೊಬೈಲಿಗೆ ತಲೆ ಕೂಡಿಸಿ
ಕುಸ್ತಿ ನೋಡಿದ ಐವರಿಗೆ,
ನಂಬರು ಕೂಗುವಾಗ ಗಂಟಲು ಹರಿಯುವಂತೆ ಕೂಗುವ
ಧರಣೇಂದ್ರನ ಮುಂದೆ ನಿಂತವರಿಗೆ.
ಹಾಜರಿ ತೆಗೆಯುವುದು ಹವಾಲ್ದಾರರಿಗಿಂತ
ಅದಕ್ಕೇ ಚೆನ್ನಾಗಿ ಬರುತ್ತಿತ್ತು.

ತಾಲ್ಲೂಕು ಆಸ್ಪತ್ರೆಯಿಂದ ಡಾಕ್ಟರಮ್ಮ ಬಂದರು.
ಮೂಗಿಗೆ ಕಡ್ಡಿ ಹಾಕಿದರು,
ಕಿಟಕಿಗೆ ಹೊಡೆದ ತಗಡು ಕೀಳಿಸಿದರು.
"ಒಬ್ಬನ ತಲೆಯಿದ್ದ ಕಡೆ ಪಕ್ಕದವನ ಕಾಲಿರಲಿ."
ಅವತ್ತಿನಿಂದ ನನ್ನ ಮುಖದ ಪಕ್ಕ
ಹಾರೂನನ ಪಾದ.
ಅವನ ಬಲ ಹಿಮ್ಮಡಿಯ ಬಿರುಕು,
ಅದರೊಳಗಿನ ಕೆಂಪು ಮಣ್ಣು
ನನಗೆ ಬಾಯಿಪಾಠ.

"ಮೊದಲು ಯಾರಿಗೆ?" ಎಂದು ಕೇಳಿದರು.
ಒಂಬತ್ತು ಅಂದರೆ ಠಾಕ್ರಾ ನಾಯ್ಕ.
ಹದಿನಾಲ್ಕಕ್ಕೆ ಹಾಸನದ ಸ್ಟೇಡಿಯಮ್ಮಿನಲ್ಲಿ ರ್‍ಯಾಲಿ,
ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತದೆ.
ಟವೆಲ್ಲು ಕಚ್ಚಿ ಕೆಮ್ಮು ನುಂಗುತ್ತಿದ್ದವನ ಕಡೆ
ಹವಾಲ್ದಾರರು ಬೆರಳು ತೋರಿಸಿದರು.
ರಿಜಿಸ್ಟರಿನಲ್ಲಿ ಹೆಸರು ಬಿತ್ತು.
ಟ್ರಂಕು ಹೊತ್ತು ತಾಂಡಾದ ಬಸ್ಸು ಹತ್ತಿದ.
ಬೈಯಲಿಲ್ಲ.
ಕಿಟಕಿಯಿಂದ ಕೈ ಬೀಸಿದ, ನನಗೂ.

ನಾನು ಹತ್ತನೇ ಹಾಸಿಗೆ.
ಅದಕ್ಕೂ ಹಿಂದಿನ ಸೋಮವಾರ ಹೊಳೆನರಸೀಪುರದಲ್ಲಿ
ಅಕ್ಕನ ಮಗುವಿನ ನಾಮಕರಣ.
ಸಿಂಬಳ ಸುರಿಸುತ್ತಿದ್ದ ದೊಡ್ಡವನನ್ನು
ದಿನವಿಡೀ ಎತ್ತಿಕೊಂಡು ಮುದ್ದಾಡಿದ್ದೆ.
ಗುರುವಾರ ರಾತ್ರಿ ಗಂಟಲಲ್ಲಿ ಸಣ್ಣ ಗರಗರ.
ಉಗುಳು ನುಂಗಿ, ಠಾಕ್ರಾನ ಕಡೆ ಹೊರಳಿ,
ಉಳಿದಿದ್ದ ಹೋಳಿಗೆ ಮುರಿದು ಅರ್ಧ ಕೊಟ್ಟು
ನಡುರಾತ್ರಿವರೆಗೆ ಮಾತಾಡಿದ್ದೆ.
ಅವನು ಕೆಮ್ಮಿದ ಮೇಲೆ, ಎರಡು ದಿನ ತಡೆದು,
"ನಂಗೂ ಬಂತು" ಅಂದೆ.

ಹದಿನಾಲ್ಕಕ್ಕೆ ಓಡಿದೆ. ಸಮಯದೊಳಗೆ ಮುಟ್ಟಿದೆ.
ಟೇಪು ಹಿಡಿದವನು ಎದೆಗೆ ಸುತ್ತಿ
"ಉಸಿರು ತುಂಬು" ಎಂದ.
ತುಂಬಿದೆ.
"ಐದು ಸೆಂಟಿಮೀಟರು. ಸಾಕು, ಬಿಡು" ಎಂದ.
ಸ್ವಲ್ಪ ಹೊತ್ತು ಬಿಡಲಾಗಲಿಲ್ಲ.