ಕೆಂಪಿನ ಬೆಲೆ

ಮೊದಲು ನೋವು. ಕಣ್ಣು ಹೊರಳಿಸಿದರೆ ಮಾತ್ರ,
ಗುಡ್ಡೆಯ ಹಿಂದೆ ಯಾರೋ ಹಗ್ಗ ಜಗ್ಗಿದ ಹಾಗೆ.
ಹಗ್ಗ ಜಗ್ಗುವುದು ನನ್ನ ಕಸುಬೇ.
ಆರ್ಕ್ನಿಯ ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿಯಲ್ಲಿ
ಕಟ್ಟೆ ಬಂದಾಗ ಗೂಟಕ್ಕೆ ಎಸೆಯುವವಳು ನಾನು.
ನಿದ್ದೆ ಸಾಲದೇನೋ ಅಂದುಕೊಂಡೆ.

ಮೂರನೆಯ ದಿನ, ಬಂದರಿನ ಬಾಯಲ್ಲಿ,
ಬಲಗಣ್ಣು ಮುಚ್ಚಿ ನೋಡಿದೆ:
ಎಡದಂಡೆಯ ದೀಪ ಇತ್ತು,
ಕೆಂಪು ಇರಲಿಲ್ಲ.

ಕನ್ನಡಕದಂಗಡಿಯ ಎಲ್ಸ್‌ಪೆತ್ ಫ್ಲೆಟ್
ಕೋಣೆ ಕತ್ತಲು ಮಾಡಿ ಟಾರ್ಚನ್ನು
ಆ ಕಣ್ಣಿಗೆ, ಈ ಕಣ್ಣಿಗೆ, ಮತ್ತೆ ಆ ಕಣ್ಣಿಗೆ
ತೊಟ್ಟಿಲಿನಂತೆ ತೂಗಿದಳು.
ಬಲಪಾಪೆ ಮುದುಡಿತಂತೆ.
ಎಡದ್ದು, ಬೆಳಕು ಬಂದದ್ದೇ ತಿಳಿಯದೆ, ಅರಳಿತಂತೆ.
ಆಮೇಲೆ ಔಷಧದ ಪುಟ್ಟ ಬಾಟಲಿ ಎತ್ತಿ ಹಿಡಿದು,
'ಈ ಮುಚ್ಚಳದ ಕೆಂಪು ಬಲಗಣ್ಣಿಗೆ ಒಂದು ಪೌಂಡ್,
ಎಡಗಣ್ಣಿಗೆ ಎಷ್ಟು ಕೊಡ್ತೀಯ?'

ಚೌಕಾಸಿ ನನಗೆ ಬಾರದು.
ಮೂವತ್ತು ಪೆನ್ನಿ, ಅಂದೆ.
ಬರೆಯುತ್ತಿದ್ದ ಪೆನ್ನು ಅರೆಗಳಿಗೆ ನಿಂತಿತು.
ಯಾಕೆಂದು ಇಬ್ಬರಿಗೂ ಗೊತ್ತು: ನಮ್ಮ ಬೀದಿಯಲ್ಲೇ
ಆ ಎರಡಕ್ಷರದ ಕಾಯಿಲೆ ಇಬ್ಬರಿಗಿದೆ.

ಅಬರ್ದೀನಿಗೆ ವಿಮಾನ. ಎಂಆರ್‌ಐ ಸುರಂಗದೊಳಗೆ
ಹಡಗು ರಿಪೇರಿಯ ಸುತ್ತಿಗೆ ಸದ್ದು, ನನಗೆ ಹೊಸದಲ್ಲ.
'ಕಣ್ಣಿನ ನರ ಉರಿದಿದೆ,' ಅಂದ ಡಾಕ್ಟರ್ ಓಗಿಲ್ವಿ,
'ತಂತಿಯ ಮೇಲಿನ ಹೊದಿಕೆ ಕಿತ್ತಂತೆ.
ಮಿದುಳಲ್ಲಿ ಎರಡು ಬಿಳಿ ಚುಕ್ಕೆ.
ಎಂಎಸ್ ಆಗಬಹುದು. ಆಗದೆಯೂ ಇರಬಹುದು.'

ಮೂರು ದಿನ ರಕ್ತನಾಳಕ್ಕೆ ಸ್ಟೀರಾಯ್ಡ್.
ಬಾಯಿತುಂಬ ಲಂಗರು ನೆಕ್ಕಿದ ರುಚಿ.
ನಡುರಾತ್ರಿ ಎದ್ದು ಎದುರು ಕಟ್ಟಡದ ಕಿಟಕಿ ಎಣಿಸಿದೆ,
ಎರಡು ಸಲ, ಲೆಕ್ಕ ತಾಳೆಯಾಗಲಿಲ್ಲ.
'ಇದರಿಂದ ದೃಷ್ಟಿ ಬೇಗ ಬರುತ್ತೆ,
ಜಾಸ್ತಿಯೇನೂ ಬರಲ್ಲ,' ಎಂದಿದ್ದ, ಮುಚ್ಚಿಡದೆ.
ಅದಕ್ಕೇ ಅವನನ್ನು ನಂಬಿದೆ.

ಕೆಲಸಕ್ಕೆ ಮರಳಿದಾಗ, ಕ್ಯಾಪ್ಟನ್ ಸಿಗರ್ಡ್
ನೇರ ಎಸೆದ ಹಗ್ಗ ನನ್ನತ್ತ
ಬಳಸಿಕೊಂಡು ಬರುತ್ತಿತ್ತು. ಒಂದು ಕಣ್ಣು
ಸುದ್ದಿಯನ್ನು ತಡವಾಗಿ ತಲುಪಿಸುತ್ತದಂತೆ.
ಅವನು ಏನೂ ಕೇಳಲಿಲ್ಲ. ನಿಧಾನ ಎಸೆಯತೊಡಗಿದ.

ಏಪ್ರಿಲ್‌ನಲ್ಲಿ ಅದೇ ಬಾಟಲಿ, ಅದೇ ಪ್ರಶ್ನೆ.
ಎಂಬತ್ತೈದು, ಅಂದೆ.
ಬಿಸಿನೀರು ಮಿಂದರೆ ನಲವತ್ತಕ್ಕೆ ಇಳಿಯುತ್ತದೆ,
ಡೆಕ್ಕಿನ ಗಾಳಿಗೆ ನಿಂತರೆ ಏರುತ್ತದೆ,
ಮೀನುಪೇಟೆಯ ದರದ ಹಾಗೆ.
ಚುಕ್ಕೆಗಳ ದರ ಮುಂದಿನ ಸ್ಕ್ಯಾನಿಗೆ.

ಇವತ್ತು ಬಂದರಿನ ಬಾಯಲ್ಲಿ
ಬಲಗಣ್ಣು ಮುಚ್ಚಿ ನೋಡಲಿಲ್ಲ.
ಹಗ್ಗ ಎಸೆದೆ. ಗೂಟಕ್ಕೆ ಬಿತ್ತು,
ಎರಡನೆಯ ಸಲ.